ಕಲ್ಲಿಗೂ ಉಂಟು ದಣಿವು

ಕಲ್ಲಿನಂತೆ ಗಟ್ಟಿಯಾಗಿರು ಎಂದು ಹಿರಿಯರು ಹರಸುವುದುಂಟು. ಆ ಕಲ್ಲೂ ದಣಿಯುತ್ತದೆಂಬುದು ನಮಗೆ ತಿಳಿದದ್ದು ದಿಲ್ಲಿಗೆ ಬಂದ ಮೇಲೆ.

ಮಳೆಗಾಲ ಮುಗಿದ ಒಂದು ರವಿವಾರ, ಕಚೇರಿಯ ಕಡತಗಳನ್ನು ಮರೆತು, ಮನೆಮಂದಿಯೊಡನೆ ಕೆಂಪು ಕೋಟೆ ನೋಡಲು ಹೋಗಿದ್ದೆವು. ಒಂದು ಗೋಡೆಯ ಬುಡದಲ್ಲಿ ನಮ್ಮ ಕಿರಿಯ ಮಗ ನಿಂತು, "ಅಪ್ಪಾ, ಈ ಕಲ್ಲು ಹಪ್ಪಳಧಂಗ ಎದ್ದೈತಲ್ಲ!" ಎಂದ. ನೋಡಿದರೆ ನಿಜ. ಕಲ್ಲಿನ ಮೇಲ್ಪದರ ಉಬ್ಬಿ, ಬೆರಳು ಸೋಕಿದರೆ ಉದುರುವಂತಿತ್ತು. ಅವನ ಕೈ ಹಿಡಿದು ಹಿಂದಕ್ಕೆಳೆದೆವು. ಷಾಹಜಹಾನನು 1639ರಲ್ಲಿ ಆರಂಭಿಸಿ 1648ರಲ್ಲಿ ಮುಗಿಸಿದ ಕೋಟೆ ನಮ್ಮ ಮಗನ ಉಗುರಿನಿಂದ ಸವೆಯುವುದು ಬೇಡ!

ಸವೆಸುವವರು ಬೇರೆಯೇ ಇದ್ದಾರೆ. ಮರಳಿನ ಕಣಗಳು ಒಂದಕ್ಕೊಂದು ಅಂಟಿ ಆದದ್ದು ಮರಳುಗಲ್ಲು. ಕಣಗಳು ಗಟ್ಟಿ, ಭೇದವಿರುವುದು ಅಂಟಿನಲ್ಲಿ. ಅಂಟು ಸಿಲಿಕಾ ಆದರೆ ಕಲ್ಲು ಬಹುಕಾಲ ಬಾಳುತ್ತದೆ. ಸುಣ್ಣದಂಶವಾದರೆ ಆಮ್ಲಕ್ಕೆ ಕರಗುತ್ತದೆ. ಜೇಡಿಯಾದರೆ ನೀರು ಕುಡಿದು ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ಒಮ್ಮೆ ಉಬ್ಬಿ ಕುಗ್ಗಿದರೆ ಏನೂ ಆಗದು. ಆದರೆ ತಂತಿಯನ್ನು ಒಂದೇ ಕಡೆ ಹಿಂದೆ ಮುಂದೆ ಬಾಗಿಸುತ್ತಿದ್ದರೆ ತುಂಡಾಗುವುದಿಲ್ಲವೇ? ಹಾಗೆಯೇ ನೂರಾರು ಸಲ ನೆನೆದು ಒಣಗಿದ ಕಲ್ಲಿನಲ್ಲಿ ಕೂದಲೆಳೆಯಂಥ ಬಿರುಕು ಹುಟ್ಟುತ್ತದೆ. ಮುಂದಿನ ಮಳೆಯ ನೀರು ಇನ್ನಷ್ಟು ಒಳಕ್ಕೆ ಇಳಿಯುತ್ತದೆ.

ಇದಕ್ಕೆ ಹೊಗೆಯ ನೆರವೂ ಉಂಟು. ಶುದ್ಧ ಮಳೆನೀರು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ತುಸು ಹುಳಿಯಾಗಿಯೇ ಇರುತ್ತದೆ. ಅದರ ಪಿಎಚ್ ಸುಮಾರು 5.6. ಕಲ್ಲಿದ್ದಲು, ಎಣ್ಣೆಗಳ ಹೊಗೆಯಲ್ಲಿರುವ ಗಂಧಕದ ಮತ್ತು ಸಾರಜನಕದ ಅನಿಲಗಳು ಸೇರಿ ಆ ಅಂಕ 4.6ಕ್ಕೆ ಇಳಿದರೆ ಹುಳಿ ಹತ್ತುಪಟ್ಟಾಯಿತು. ಮ್ಯಾಂಚೆಸ್ಟರಿನ ಮಳೆಯಲ್ಲಿ ಇದನ್ನು ರಾಬರ್ಟ್ ಆಂಗಸ್ ಸ್ಮಿತ್ ಎಂಬ ರಸಾಯನಜ್ಞರು 1852ರಲ್ಲಿಯೇ ವಿವರಿಸಿದ್ದರು. ದಿಲ್ಲಿಯ ಸುಣ್ಣದಂಶದ ಧೂಳು ಮಳೆಯ ಹುಳಿಯನ್ನು ಬಹುಮಟ್ಟಿಗೆ ಮುರಿಯುತ್ತದೆ. ಆದರೆ ಗಂಧಕದ ಅನಿಲ ಮಳೆಗಾಗಿ ಕಾಯುವುದಿಲ್ಲ. ಒಣಗಾಳಿಯಲ್ಲಿಯೇ ಬಂದು ಗೋಡೆಗೆ ಕೂತು, ಇಬ್ಬನಿಯ ತೇವದಲ್ಲಿ ಗಾರೆಯ ಸುಣ್ಣದೊಡನೆ ಬೆರೆತು ಜಿಪ್ಸಂ ಎಂಬ ಲವಣವಾಗುತ್ತದೆ. ಅದು ನೀರಿನಲ್ಲಿ ಕರಗಿ ಕಲ್ಲಿನ ರಂಧ್ರಕ್ಕಿಳಿದು, ಒಣಗಿದಾಗ ಹರಳುಗಟ್ಟಿ ಒಳಗಿನಿಂದ ತಳ್ಳುತ್ತದೆ. ಬದರ್‌ಪುರದ ಕಲ್ಲಿದ್ದಲು ವಿದ್ಯುತ್ ಸ್ಥಾವರವನ್ನು 2018ರಲ್ಲಿ ಮುಚ್ಚಿದ್ದರಿಂದ ಈ ಊರಿನ ಗೋಡೆಗಳಿಗೆ ಒಂದು ಹೊರೆ ಇಳಿಯಿತೆನ್ನಬೇಕು.

ಇದೆಲ್ಲ ಓದಿ ತಿಳಿಯುತ್ತಿದ್ದಂತೆ ಬಾದಾಮಿಯ ಹತ್ತಿರದ ನಮ್ಮ ಹಳ್ಳಿಮನೆ ನೆನಪಾಯಿತು. ಅದೂ ಮರಳುಗಲ್ಲಿನದೇ. ಹಿಂದೊಮ್ಮೆ ರಜೆಗೆ ಹೋದಾಗ, ಪಡಸಾಲೆಯ ಗೋಡೆ ಉದುರುತ್ತದೆಂದು ಬುಡಕ್ಕೆ ನಾವೇ ಸಿಮೆಂಟು ಮೆತ್ತಿಸಿ ಬಂದಿದ್ದೆವು. ದೊಡ್ಡ ಉಪಕಾರ ಮಾಡಿದೆವೆಂಬ ಹೆಮ್ಮೆ ಬೇರೆ! ಕಳೆದ ಯುಗಾದಿಗೆ ಹೋಗಿ ನೋಡಿದರೆ ಸಿಮೆಂಟು ಹಾಗೆಯೇ ಇದೆ; ಅದರ ಮೇಲಿನ ಕಲ್ಲು ಗೇಣೆತ್ತರ ಪುಡಿಯಾಗಿದೆ. ನೆಲದ ತೇವ ಸಿಮೆಂಟಿನ ಮೂಲಕ ಆರಲಾರದೆ ಮೇಲೇರಿ, ಮೆತ್ತನೆಯ ಕಲ್ಲಿನಲ್ಲಿ ಆರಿ, ಲವಣವನ್ನು ಅಲ್ಲಿಯೇ ಬಿಟ್ಟಿತ್ತು. ಸುಣ್ಣದ ಗಾರೆಯಾಗಿದ್ದರೆ ತೇವವನ್ನು ಹೊರಕ್ಕೆ ಬಿಡುತ್ತಿತ್ತು. ತಾನು ಸವೆದು ಕಲ್ಲನ್ನು ಉಳಿಸುತ್ತಿತ್ತು.

ಈ ಬೇಸಗೆಯಲ್ಲಿ ಅಣ್ಣನ ಫೋನು ಬಂತು: "ಮಳಿ ಬರೂದರೊಳಗ ಉಳಿದ ಗ್ವಾಡಿಗೂ ಸಿಮೆಂಟ್ ಹಾಕಸೂಣು, ರೊಕ್ಕ ಕಳಸು."

"ರೊಕ್ಕ ಕಳಸ್ತೀನಿ ಅಣ್ಣಾ. ಆದರ ಸಿಮೆಂಟ್ ಬ್ಯಾಡ. ಹಿಂದ ಮಾಡಿದ್ದು ನನ್ನ ತಪ್ಪು," ಎಂದೆವು.

ಅಣ್ಣ ತುಸು ಹೊತ್ತು ಸುಮ್ಮನಿದ್ದ. "ಅವ್ವ ಅವತ್ತ ಸುಣ್ಣ ಅಂದಿದ್ಲು. ನೀ ಬಿಎ ಓದಿದಾವ ಅಂತ ನಾವು ಸುಮ್ಮನಾದ್ವಿ," ಎಂದ.

ಊರಿನಲ್ಲಿ ಕಲ್ಲುಮನೆಯುಳ್ಳ ವಾಚಕರು ಸಿಮೆಂಟಿಗೆ ಹಣ ಕಳಿಸುವ ಮುನ್ನ ಮಾಳಿಗೆಯ ನೀರು ಎತ್ತ ಬೀಳುತ್ತದೆ, ಗೋಡೆಯ ಬುಡದಲ್ಲಿ ನೀರು ನಿಲ್ಲುತ್ತದೆಯೇ ಎಂದು ವಿಚಾರಿಸಲಿ. ಮನೆಯ ಹಿರಿಯರನ್ನೂ ಒಂದು ಮಾತು ಕೇಳಲಿ.