ಎಣಿಕೆಗೆ ಸಿಗದ ಕಣ್ಣುಗಳು

ಮಲೆನಾಡಿನ ಹಳೆಯ ಮನೆ. ಎಪ್ಪತ್ತೈದು ದಾಟಿದ ಅಜ್ಜಿ ನಸುಕಿನಲ್ಲೇ ಎದ್ದು, ದೀಪ ಹಚ್ಚದೆ ನಡುಮನೆಯನ್ನು ಹಾದು, ಹೊಸ್ತಿಲನ್ನು ಎಡವದೆ ದಾಟಿ, ಬಚ್ಚಲ ಒಲೆಗೆ ಉರಿ ಹಾಕುತ್ತಾಳೆ. "ನಮ್ಮಜ್ಜಿಗೆ ಕತ್ತಲೆಯಲ್ಲೂ ಕಣ್ಣು ಕಾಣುತ್ತದೆ" ಎಂದು ಮನೆಮಂದಿ ಹೆಮ್ಮೆಯಿಂದ ಹೇಳುವುದುಂಟು. ನಿಜಸಂಗತಿ ಬೇರೆಯೇ ಇರಬಹುದು: ಆಕೆಗೆ ಹಗಲಿನಲ್ಲೂ ಕಾಣುತ್ತಿರಲಾರದು. ಐವತ್ತು ವರ್ಷ ನಡೆದಾಡಿದ ನೆಲ ಕಾಲಿಗೆ ಕಂಠಪಾಠವಾಗಿದೆ. ಉಪ್ಪಿನ ಮರಿಗೆ ಎಲ್ಲಿದೆ, ಬಿಂದಿಗೆ ಎಲ್ಲಿದೆ ಎಂಬುದು ಕೈಗೆ ಗೊತ್ತು. ಪರಿಚಯವು ದೃಷ್ಟಿಯ ಕೆಲಸವನ್ನು ಮಾಡುತ್ತಿರುವಾಗ, ಕುರುಡು ಮನೆಯೊಳಗೇ ಇದ್ದರೂ ಮನೆಯವರ ಕಣ್ಣಿಗೆ ಬೀಳುವುದಿಲ್ಲ.

ಚಿಕ್ಕಮಗಳೂರು ಜಿಲ್ಲೆಯ ನರಸಿಂಹರಾಜಪುರ ತಾಲ್ಲೂಕಿನ ಕಡಹಿನಬೈಲಿನಂಥ ಊರುಗಳಲ್ಲಿ ಈ ಮರೆ ಇನ್ನಷ್ಟು ದಟ್ಟವಾದುದು. ಬಯಲುಸೀಮೆಯ ಹಳ್ಳಿಯಂತೆ ಇಲ್ಲಿ ಕೇರಿಗೆ ಕೇರಿ ಒತ್ತಿಕೊಂಡಿಲ್ಲ. ಅಡಕೆ ತೋಟದ ತಲೆಯಲ್ಲೊಂದು ಮನೆ, ಗದ್ದೆಯ ಅಂಚಿನಲ್ಲೊಂದು ಮನೆ, ಗುಡ್ಡದ ಆಚೆಗೆ ಮತ್ತೊಂದು. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಸಂಕ ದಾಟಿಯೇ ಹೋಗಬೇಕು. ದೃಷ್ಟಿ ಮಂದವಾದ ಮುದುಕರಿಗೆ ಮೊದಲು ತಪ್ಪುವುದು ಆ ಸಂಕದಾಚೆಯ ಲೋಕ. ಪೇಟೆಗೆ ಹೋಗುವುದು ನಿಲ್ಲುತ್ತದೆ. ಬಳಿಕ ನೆಂಟರ ಮನೆಯ ಮದುವೆ ತಪ್ಪುತ್ತದೆ. ಕಡೆಗೆ ಜಗಲಿಯೇ ಜಗತ್ತಾಗುತ್ತದೆ. "ವಯಸ್ಸಾಯಿತು, ಇನ್ನೇನು" ಎಂಬ ಒಂದೇ ಮಾತಿನಲ್ಲಿ ಎಲ್ಲರೂ ಸಮಾಧಾನ ಹೊಂದುತ್ತಾರೆ.

ಹೀಗೆ ಕತ್ತಲಲ್ಲಿ ಕುಳಿತವರ ಬಳಿಗೆ ವೈದ್ಯವೇ ಹೋಗಬೇಕೆಂಬ ವಿಚಾರ ಕನ್ನಡನಾಡಿಗೆ ಹೊಸದಲ್ಲ. ಬೀಳಗಿಯಲ್ಲಿ 1916ರಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು ಶಸ್ತ್ರಗಳ ಪೆಟ್ಟಿಗೆಯೊಡನೆ ಊರೂರು ಸುತ್ತಿ, ಸಾಮೂಹಿಕ ನೇತ್ರಶಿಬಿರಗಳಲ್ಲಿ ಅಸಂಖ್ಯ ಬಡವರ ಕಣ್ಣಿನ ಪೊರೆ ತೆಗೆದರು. 2005ರಲ್ಲಿ ಅವರು ತೀರಿಕೊಂಡರು. ಅವರ ಹೆಸರು ಹೇಳಿ ಕೈಮುಗಿಯುವ ಹಿರಿಯರು ಇಂದಿಗೂ ಹಳ್ಳಿಗಳಲ್ಲಿ ಸಿಗುತ್ತಾರೆ. ಶಾಲೆ, ಛತ್ರಗಳಲ್ಲಿ ಶಸ್ತ್ರಚಿಕಿತ್ಸೆ ನಡೆಸುವ ಆ ಕಾಲದ ಪದ್ಧತಿ ಈಗ ಉಳಿದಿಲ್ಲ. ಶಿಬಿರದಲ್ಲಿ ತಪಾಸಣೆ, ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಎಂಬುದೇ ಇಂದಿನ ಕ್ರಮ.

ಆದರೆ ಎಷ್ಟು ದೊಡ್ಡ ಶಿಬಿರವಾದರೂ ಅದಕ್ಕೊಂದು ಮಿತಿಯುಂಟು. ಬಂದವರೆಷ್ಟು ಮಂದಿ ಎಂಬ ಲೆಕ್ಕವನ್ನು ಅದು ಕೊಡಬಲ್ಲುದು. ಬಾರದವರೆಷ್ಟು ಮಂದಿ ಎಂಬುದನ್ನು ಹೇಳಲಾರದು. ಕೈಹಿಡಿದು ಕರೆತರುವ ಮಗನಿದ್ದವನು ಶಿಬಿರಕ್ಕೆ ಬರುತ್ತಾನೆ. ಯಾರೂ ಇಲ್ಲದವಳು ಜಗಲಿಯಲ್ಲೇ ಉಳಿಯುತ್ತಾಳೆ. ಆ ಉಳಿದವಳನ್ನು ಹುಡುಕುವುದೇ ಸಮೀಕ್ಷೆಯ ಕೆಲಸ.

1976ರಲ್ಲಿ ಭಾರತ ಸರಕಾರ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿತು. ಆ ಕಾರ್ಯಕ್ಕೆ ಡೆನ್ಮಾರ್ಕ್ ದೇಶದ ನೆರವು ದೊರೆಯಿತು. 1990ರ ದಶಕದ ನಡುಭಾಗದಲ್ಲಿ, ಐವತ್ತು ದಾಟಿದವರನ್ನಷ್ಟೇ ಪರೀಕ್ಷಿಸಿ ಜಿಲ್ಲೆಯ ಸ್ಥಿತಿಯನ್ನು ಬೇಗನೆ ಅಳೆಯುವ ತ್ವರಿತ ಸಮೀಕ್ಷೆಗಳು ಕರ್ನಾಟಕದಲ್ಲಿ ನಡೆದವು. ಐವತ್ತೇ ಏಕೆಂದರೆ, ಕುರುಡಿನ ಬಹುಪಾಲು ಆ ವಯಸ್ಸಿನ ಮೇಲಿನವರಲ್ಲೇ ಕಾಣಿಸಿಕೊಳ್ಳುತ್ತದೆ. ಎಲ್ಲರನ್ನೂ ನೋಡುವ ಖರ್ಚಿಲ್ಲದೆ ನಂಬಬಹುದಾದ ಉತ್ತರ ಸಿಗುತ್ತದೆ.

ಪರೀಕ್ಷೆಯ ಸಲಕರಣೆ ಅಲ್ಪ. ಒಂದು ಅಳತೆಯ ಹಗ್ಗ, ಒಂದು ಟಾರ್ಚು, ಸೂಜಿರಂಧ್ರವಿರುವ ಕಪ್ಪು ತಗಡು, ಮೂರು ಹಲ್ಲಿನ ಬಾಚಣಿಗೆಯಂಥ ಆಕೃತಿ ಬರೆದ ಕೆಲವು ಫಲಕಗಳು. ಅಕ್ಷರ ಬಾರದಿದ್ದರೂ ಬಾಧಕವಿಲ್ಲ. ಹಲ್ಲು ಯಾವ ಕಡೆಗಿದೆಯೆಂದು ಕೈಯಿಂದ ತೋರಿಸಿದರಾಯಿತು. ಅಂಗಳದ ಬೆಳಕಿನಲ್ಲಿ ಆರು ಮೀಟರ್ ದೂರದಿಂದ ಆರಂಭ. ಒಂದೊಂದು ಕಣ್ಣನ್ನೂ ಬೇರೆಬೇರೆಯಾಗಿ ನೋಡಬೇಕು. ಒಂದು ಕಣ್ಣು ಕೆಟ್ಟದ್ದನ್ನು ಇನ್ನೊಂದು ಕಣ್ಣು ವರ್ಷಗಟ್ಟಲೆ ಮುಚ್ಚಿಡುತ್ತದೆ. ಸೂಜಿರಂಧ್ರದ ಮೂಲಕ ಸ್ಪಷ್ಟವಾಗಿ ಕಂಡರೆ ಕನ್ನಡಕವೇ ಸಾಕಾಗಬಹುದೆಂದು ಊಹಿಸಬಹುದು. ಕಾಣದಿದ್ದರೆ ಟಾರ್ಚಿನ ಬೆಳಕು ಹಾಯಿಸಿ, ಪಾಪೆಯೊಳಗೆ ಬೆಳ್ಳಗಿನ ಪೊರೆ ಇದೆಯೇ ಎಂದು ಪರಿಶೀಲಿಸಬೇಕು. ಸಾಮಾನ್ಯ ದೃಷ್ಟಿಯವರು ಅರುವತ್ತು ಮೀಟರಿನಿಂದ ಗುರುತಿಸುವ ಆಕೃತಿಯನ್ನು, ಉತ್ತಮವಾದ ಕಣ್ಣಿನಿಂದಲೂ ಮೂರು ಮೀಟರಿನಲ್ಲಿ ಗುರುತಿಸಲಾಗದಿದ್ದರೆ ಅವರನ್ನು ಅಂಧರೆಂದು ಬರೆದುಕೊಳ್ಳುತ್ತಾರೆ. ಭಾರತವು 2017ರಲ್ಲಿ ಈ ಅಂತರರಾಷ್ಟ್ರೀಯ ಅಳತೆಯನ್ನು ಅಂಗೀಕರಿಸಿತು.

ಪರೀಕ್ಷೆ ಸುಲಭ, ಮನೆ ಮುಟ್ಟುವುದೇ ಕಷ್ಟ. ಹಗಲು ಹೊತ್ತು ಹೋದರೆ ಕಣ್ಣು ಚೆನ್ನಾಗಿರುವವರು ತೋಟ ಗದ್ದೆಗಳಲ್ಲಿರುತ್ತಾರೆ, ಕಾಣದವರು ಮನೆಯಲ್ಲಿರುತ್ತಾರೆ. ಇದ್ದವರನ್ನಷ್ಟೇ ಎಣಿಸಿದರೆ ಊರೆಲ್ಲ ಕುರುಡೆಂಬಂತಾಗುತ್ತದೆ. ರಸ್ತೆಬದಿಯ ಮನೆಗಳನ್ನಷ್ಟೇ ನೋಡಿ ಹಿಂದಿರುಗಿದರೆ ಗುಡ್ಡದಾಚೆಯ ಕತ್ತಲೆ ಲೆಕ್ಕಕ್ಕೇ ಬಾರದು. ಆದ್ದರಿಂದ ಬಾಗಿಲು ಹಾಕಿದ್ದ ಮನೆಗೆ ಸಂಜೆ ಮತ್ತೊಮ್ಮೆ ಹೋಗಬೇಕು; ಆರಿಸಿದ ಮನೆ ದೂರವೆಂದು ಹತ್ತಿರದ್ದನ್ನು ಬದಲಿಗೆ ಸೇರಿಸಕೂಡದು. ಕಡಹಿನಬೈಲಿನಂಥ ಕಡೆ ಸಮೀಕ್ಷೆಯ ಸತ್ಯ ನಿಂತಿರುವುದು ನಡೆಯುವವರ ಕಾಲಿನ ಮೇಲೆ.

2015ರಿಂದ 2019ರ ವರೆಗೆ ದೇಶದ 31 ಜಿಲ್ಲೆಗಳಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆ ಏನು ಕಂಡಿತು? ಐವತ್ತು ದಾಟಿದವರಲ್ಲಿ ಶೇಕಡಾ 1.99 ಮಂದಿ ಅಂಧರು. ಅಂದರೆ ಸಾವಿರಕ್ಕೆ ಸುಮಾರು ಇಪ್ಪತ್ತು ಜನ. ಐವತ್ತರಿಂದ ಐವತ್ತೊಂಬತ್ತರೊಳಗೆ ಶೇಕಡಾ 0.5 ಇದ್ದದ್ದು ಎಂಬತ್ತು ದಾಟಿದವರಲ್ಲಿ 11.6ಕ್ಕೆ ಏರುತ್ತದೆ. ಗಂಡಸರಲ್ಲಿ 1.67, ಹೆಂಗಸರಲ್ಲಿ 2.31. ಈ ಅಂಧತ್ವದಲ್ಲಿ ಶೇಕಡಾ 66.2 ಪಾಲಿಗೆ ಕಾರಣ ಕಣ್ಣಿನ ಪೊರೆ. ಶಸ್ತ್ರಚಿಕಿತ್ಸೆಯಿಂದ ತೆಗೆದು ಕೃತಕ ಮಸೂರವನ್ನು ಕೂಡಿಸಬಹುದಾದ ಪೊರೆಯಿಂದಲೇ ಮೂವರಲ್ಲಿ ಇಬ್ಬರು ಕತ್ತಲಲ್ಲಿದ್ದಾರೆಂಬುದು ದುಃಖದ ಮಾತೂ ಹೌದು, ಭರವಸೆಯ ಮಾತೂ ಹೌದು.

ಹಾಗಾದರೆ ತಡವೇಕೆ? "ಪೊರೆ ಇನ್ನೂ ಬಲಿಯಲಿ" ಎಂಬ ಹಳೆಯ ನಂಬಿಕೆ ಒಂದು. ಇಂದಿನ ವಿಧಾನಕ್ಕೆ ಪೊರೆ ಬಲಿಯಬೇಕಾಗಿಲ್ಲ. ಅತಿಯಾಗಿ ಬಲಿತರೆ ಕಣ್ಣೊಳಗಿನ ಒತ್ತಡ ಏರಿ ದೃಷ್ಟಿಯೇ ಅಳಿಯಬಹುದು. ಕಾಲಮಾನ ಮತ್ತೊಂದು. ಮಳೆಗಾಲದಲ್ಲಿ ಹೊರಡುವಂತಿಲ್ಲ, ಮಳೆ ಹೋದೊಡನೆ ಅಡಕೆ ಕೊಯ್ಲು. ಅಜ್ಜಿಯನ್ನು ಶಿವಮೊಗ್ಗಕ್ಕೋ ಚಿಕ್ಕಮಗಳೂರಿಗೋ ಕರೆದೊಯ್ದರೆ ಜೊತೆಗೆ ಹೋದವರ ದುಡಿಮೆಯೂ ತಪ್ಪುತ್ತದೆ. ಶಸ್ತ್ರಚಿಕಿತ್ಸೆ ಉಚಿತವಾದರೂ ದಾರಿ ಉಚಿತವಲ್ಲ. ಮನೆಯ ಹೆಂಗಸಂತೂ ತನ್ನ ಸರದಿಯನ್ನು ಎಲ್ಲರ ಹಿಂದೆ ಇಟ್ಟುಕೊಳ್ಳುತ್ತಾಳೆ.

ದೂರದೃಷ್ಟಿಯ ಫಲಕವಷ್ಟೇ ಸಾಲದೆಂಬುದನ್ನೂ ಇಲ್ಲಿ ನೆನೆಯಬೇಕು. ಮೆಟ್ಟುಗತ್ತಿಯ ಮುಂದೆ ಕುಳಿತು ಅಡಕೆ ಸುಲಿಯುವವಳಿಗೆ ಬೇಕಾದದ್ದು ಹತ್ತಿರದ ನೋಟ. ಅದು ಮಂಜಾದರೆ ಬೆರಳಿಗೆ ಗಾಯ, ಕೂಲಿಗೆ ಕಡಿತ. ಆಕೆಗೆ ಬೇಕಾಗಿರುವುದು ಬಹುಶಃ ಒಂದು ಸಾದಾ ಕನ್ನಡಕ. ಗದ್ದೆಯಲ್ಲಿ ಭತ್ತದ ಗರಿ ಕಣ್ಣಿಗೆ ತಾಗಿದಾಗ ಸೊಪ್ಪಿನ ರಸ ಹಿಂಡದೆ ವೈದ್ಯರಲ್ಲಿಗೆ ಹೋದರೆ ಕರಿಗುಡ್ಡೆಯ ಮೇಲೆ ಬಿಳಿಕಲೆ ಉಳಿಯುವುದನ್ನು ತಪ್ಪಿಸಬಹುದು. ಗ್ಲಾಕೋಮಾ ಎಂಬ ರೋಗವಂತೂ ನೋವಿಲ್ಲದೆ ದೃಷ್ಟಿಯನ್ನು ಅಂಚಿನಿಂದ ಕದಿಯುತ್ತದೆ. ಟಾರ್ಚಿನ ಬೆಳಕಿಗೆ ಅದು ಸಿಕ್ಕದು, ಆಸ್ಪತ್ರೆಯಲ್ಲೇ ನೋಡಬೇಕು.

ಎಣಿಕೆ ಎಣಿಕೆಯಾಗಿಯೇ ಉಳಿದರೆ ಪ್ರಯೋಜನವಿಲ್ಲ. ಮನೆಬಾಗಿಲಿನಲ್ಲಿ ಗುರುತಿಸಿದ ಕಣ್ಣಿಗೆ ಆಸ್ಪತ್ರೆಯ ದಿನ ಗೊತ್ತಾಗಬೇಕು, ವಾಹನ ಬರಬೇಕು, ಹಿಂದಿರುಗಿದ ಮೇಲೆ ಮತ್ತೆ ನೋಡುವವರು ಇರಬೇಕು. ರಾಷ್ಟ್ರೀಯ ಸಮೀಕ್ಷೆಯಲ್ಲೇ ಅಂಧತ್ವದ ಶೇಕಡಾ 7.2 ಪಾಲು ಪೊರೆಯ ಶಸ್ತ್ರಚಿಕಿತ್ಸೆಯ ನಂತರದ ತೊಡಕಿನಿಂದ ಬಂದದ್ದೆಂಬುದನ್ನು ಮರೆಯಲಾಗದು.

ಅದಕ್ಕೂ ಮೊದಲಿನ ಹೆಜ್ಜೆ ಮನೆಯವರದೇ. ಹಗ್ಗ, ಫಲಕಗಳು ಬರುವವರೆಗೆ ಕಾಯಬೇಕಾಗಿಲ್ಲ. ಅಂಗಳದ ತುದಿಯಲ್ಲಿ ನಿಂತು, ಮಾತಾಡದೆ, ಕೈಬೆರಳುಗಳನ್ನು ಎತ್ತಿ ಹಿಡಿದು, "ಎಷ್ಟು, ಹೇಳಜ್ಜಿ" ಎಂದು ಮೊಮ್ಮಗಳು ಕೇಳಿದರೂ ಸಾಕು. ಒಂದು ಕಣ್ಣು ಮುಚ್ಚಿ ಒಮ್ಮೆ, ಇನ್ನೊಂದು ಮುಚ್ಚಿ ಮತ್ತೊಮ್ಮೆ. ದನಿ ಕೇಳಿದ ಕಡೆಗೆ ಮುಖ ತಿರುಗಿಸಿ ಅಜ್ಜಿ ಸುಮ್ಮನೆ ನಕ್ಕರೆ, ಇಷ್ಟು ವರ್ಷ ದೀಪವಿಲ್ಲದೆ ಉರಿ ಹಾಕಿದ್ದರ ಅರ್ಥ ಅಂದು ಆ ಮನೆಗೆ ತಿಳಿಯುತ್ತದೆ.