ಕಲ್ಲಿನ ರಥಕ್ಕೆ ಹೂಡಿದ್ದು ಆನೆಯೋ, ಕುದುರೆಯೋ?

ಕಂಪ್ಲಿಯಲ್ಲಿ ಹಳೆಯ ಟ್ರ್ಯಾಕ್ಟರು ಬಿಚ್ಚುವ ಮೆಕ್ಯಾನಿಕ್, ಬೋಲ್ಟಿಲ್ಲದ ತೂತು ಕಂಡರೆ 'ಇಲ್ಲಿ ಹಿಂದೆ ಬೇರೇನೋ ಇತ್ತು' ಎನ್ನುತ್ತಾನೆ. ಹಂಪಿಯ ವಿಠ್ಠಲ ದೇವಾಲಯದ ಕಲ್ಲಿನ ರಥವನ್ನೂ ಇದೇ ಕಣ್ಣಿನಿಂದ ನೋಡಬೇಕು.

ಅದು ರಥದ ಆಕಾರದ ಗರುಡನ ಗುಡಿ. ಏಕಶಿಲೆಯಲ್ಲ, ಗ್ರಾನೈಟ್ ಕಲ್ಲುಗಳನ್ನು ಸಂದು ಕಾಣದಂತೆ ಜೋಡಿಸಿದ್ದು. ಮುಂದಿರುವ ಎರಡು ಆನೆಗಳನ್ನು ಎಲ್ಲರೂ ನೋಡುತ್ತಾರೆ. ಅವುಗಳ ಹಿಂದೆ ಕಣ್ಣು ಹಾಯಿಸಿ: ಕುದುರೆಯ ಹಿಂಗಾಲು, ಬಾಲ! ಮೊದಲು ಅಲ್ಲಿದ್ದವು ಕುದುರೆಗಳು, ಆನೆಗಳು ಆಮೇಲೆ ಬಂದವು ಎಂಬುದಕ್ಕೆ ಇದೇ ಸಾಕ್ಷಿ. ಆನೆಗಳ ಗಾತ್ರವೂ ಆ ರಥಕ್ಕೆ ಒಪ್ಪುವುದಿಲ್ಲ.

ಇನ್ನೊಂದು ಸಾಕ್ಷಿ ಕಾಗದದ ಮೇಲಿದೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಮೇಣ ಸವರಿದ ಕಾಗದದ ನೆಗೆಟಿವ್ ಬಳಸಿ ತೆಗೆದ ಛಾಯಾಚಿತ್ರದಲ್ಲಿ ರಥದ ನೆತ್ತಿಯ ಮೇಲೆ ಇಟ್ಟಿಗೆಯ ಶಿಖರವಿದೆ. 50 ರೂಪಾಯಿಯ ಹೊಸ ನೋಟಿನ ಹಿಂಬದಿ ನೋಡಿ, ಶಿಖರವಿಲ್ಲ.

ಒಮ್ಮೆ ತಿರುಗುತ್ತಿದ್ದ ಚಕ್ರಗಳು ಸವೆಯದಿರಲೆಂದು ಸಿಮೆಂಟು ಹಾಕಿ ನಿಲ್ಲಿಸಿದ್ದಾರೆ. ಅದೂ ಒಂದು ಮಾರ್ಪಾಡೇ ತಾನೆ! ಹಾಗಾದರೆ ದುರಸ್ತಿ ಮಾಡುವವರು ಯಾವ ಕಾಲದ ರಥವನ್ನು ಉಳಿಸಬೇಕು? ಆನೆಗಳನ್ನು ತೆಗೆದರೆ ಕುದುರೆಗಳು ಮರಳಿ ಬಾರವು. ಶಿಖರ ಕಟ್ಟಿದರೆ ಅದು ನಮ್ಮ ಕಾಲದ್ದಾದೀತು.

ಹೊಸಪೇಟೆಯಿಂದ ಮಕ್ಕಳನ್ನು ಕರೆದೊಯ್ದಾಗ, ಎದುರಿಗೆ ಫೋಟೊ ತೆಗೆಸಿಕೊಂಡ ಮೇಲೆ ರಥದ ಪಕ್ಕಕ್ಕೂ ಬನ್ನಿ. ಬಾಲವನ್ನು ಮೊದಲು ಕಾಣುವವರು ಮಕ್ಕಳೇ.