ಜಮಖಂಡಿ ಹೆಸರಿನ ಕಾಲೇಜು, ಸಂಸ್ಕೃತ ಮಾಸ್ತರರ 148

ಪುಣೆಯ ಟಿಳಕ ರಸ್ತೆಯ ಎಸ್.ಪಿ. ಕಾಲೇಜಿಗೆ ನಾನು ಹೋದದ್ದು ಅಣ್ಣನ ಮಗನ ಪ್ರವೇಶದ ಕೆಲಸಕ್ಕೆ. ಕ್ರಿಕೆಟ್ ತಲೆಯಲ್ಲಿ ಇರಲೇ ಇಲ್ಲ. ಬಾಡಗಂಡಿಯಿಂದ ಜಮಖಂಡಿ, ಅಲ್ಲಿಂದ ಮೀರಜ, ಸಾಂಗ್ಲಿ ದಾಟಿ ಪುಣೆ ಸೇರುವಷ್ಟರಲ್ಲಿ ಸೊಂಟ ಹಿಡಿದಿತ್ತು. ಕೌಂಟರಿನ ಮುಂದಿನ ಸಾಲು ಮುಂದಕ್ಕೆ ಸರಿಯುವ ಲಕ್ಷಣ ಕಾಣದಾಗ ಹುಡುಗ ಫೋನಿನಲ್ಲಿ ಏನೋ ಓದುತ್ತಿದ್ದವನು ತಟ್ಟನೆ ಕೇಳಿದ: ‘ಕಾಕಾ, ಎಸ್.ಪಿ. ಅಂದ್ರ ಸರ್ ಪರಶುರಾಮಭಾವು ಅಂತ. ಇವರು ನಮ್ಮ ಜಮಖಂಡಿ ರಾಜಾನ ಅಂತಲ್ರೀ!’

ಹೌದು, ನಮ್ಮ ಜಮಖಂಡಿಯ ಪಟವರ್ಧನರೇ. 1916ರಲ್ಲಿ ಶಿಕ್ಷಣ ಪ್ರಸಾರಕ ಮಂಡಳಿ ‘ನ್ಯೂ ಪೂನಾ ಕಾಲೇಜ್’ ಎಂದು ಶುರು ಮಾಡಿದ ಸಂಸ್ಥೆಗೆ ಮುಂದೆ ಜಮಖಂಡಿ ಅರಮನೆಯಿಂದ ದೊಡ್ಡ ದೇಣಿಗೆ ಬಂತು. ಸರ್ ಪರಶುರಾಮಭಾವು ಪಟವರ್ಧನರ ಹೆಸರು ಕಾಲೇಜಿಗೆ ಅಂಟಿತು. ಪುಣೆಯವರು ಅದನ್ನು ಎರಡು ಅಕ್ಷರಕ್ಕೆ ಇಳಿಸಿಕೊಂಡಿದ್ದಾರೆ. ನಮ್ಮ ಕಡೆಯವರಿಗಂತೂ ಅದು ನೆನಪೇ ಇಲ್ಲ. ಜಮಖಂಡಿಯ ದುಡ್ಡು ಜಮಖಂಡಿಯಲ್ಲೇ ಖರ್ಚಾಗಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು ಎಂಬ ಹಳೆಯ ತಕರಾರು ನನ್ನಲ್ಲೂ ಇದೆ. ಅದನ್ನು ಸದ್ಯಕ್ಕೆ ಬದಿಗಿಡುತ್ತೇನೆ.

ಹುಡುಗನನ್ನು ಸಾಲಿನಲ್ಲೇ ಬಿಟ್ಟು ಮೈದಾನದ ಕಡೆ ನಡೆದೆ. ನೆಟ್ ಕಟ್ಟಿ ಹುಡುಗರು ಆಡುತ್ತಿದ್ದರು. ನೆರಳಿನಲ್ಲಿ ಕೂತ ಹಿರಿಯರೊಬ್ಬರು, ನಾನು ಫೋನಿನಲ್ಲಿ ಮನೆಯವರ ಜೊತೆ ಆಡಿದ ಕನ್ನಡ ಕೇಳಿ, ‘ಯಾವೂರ್ರಿ?’ ಅಂದರು. ಜತ್ತ ತಾಲ್ಲೂಕಿನವರು. ಬ್ಯಾಂಕಿನ ನೌಕರಿ ಮುಗಿಸಿ ಪುಣೆಯಲ್ಲೇ ನಿಂತವರು. ಗಡಿಯಾಚೆಯ ಜತ್ತದಲ್ಲಿ ಮನೆಮಾತು ಇಂದಿಗೂ ಕನ್ನಡವೇ ಆಗಿರುವ ಹಳ್ಳಿಗಳಿವೆ. ಬಾಡಗಂಡಿ ಎಂದಾಗ, ‘ಕಬ್ಬಿನ ಫ್ಯಾಕ್ಟರಿ ಊರು’ ಎಂದು ತಲೆಯಾಡಿಸಿದರು. ಕಾಲೇಜಿನ ಹೆಸರಿನ ಮಾತು ಎತ್ತಿದ್ದೇ ತಡ, ಅವರು ಚುರುಕಾದರು.

‘ರಾಜಾನ ಹೆಸರು ಬಿಡ್ರಿ, ದೇವಧರ ಮಾಸ್ತರು ಇಲ್ಲೇ ಸಂಸ್ಕೃತ ಕಲಿಸ್ತಿದ್ರು, ಗೊತ್ತೈತೇನು?’

ದೇವಧರ್ ಟ್ರೋಫಿ ಯಾರಿಗೆ ಗೊತ್ತಿಲ್ಲ? ಆದರೆ ಆ ಟ್ರೋಫಿಯ ದಿನಕರ ಬಳವಂತ ದೇವಧರ ಸಂಸ್ಕೃತದ ಪ್ರಾಧ್ಯಾಪಕರಾಗಿದ್ದರು, ಅದೂ ಜಮಖಂಡಿಯ ಹೆಸರು ಹೊತ್ತ ಈ ಕಾಲೇಜಿನಲ್ಲಿ, ಎಂಬುದು ನನಗೆ ಆ ಮಧ್ಯಾಹ್ನದ ಕೊಡುಗೆ. ಇಂಗ್ಲೆಂಡಿನ ತಂಡವೊಂದು ಭಾರತ ಪ್ರವಾಸಕ್ಕೆ ಬಂದಾಗ ಆ ಮಾಸ್ತರು ಮಾಡಿದ್ದೇನು ಎಂದು ಹೇಳಿಯೇ ಹಿರಿಯರು ನನ್ನನ್ನು ಬಿಟ್ಟದ್ದು.

1926ರ ಕೊನೆಗೆ ಆರ್ಥರ್ ಗಿಲಿಗನ್ ನಾಯಕತ್ವದ ಎಂಸಿಸಿ ತಂಡ ಇಲ್ಲಿಗೆ ಬಂತು. ಆ ಕಾಲಕ್ಕೆ ಎಂಸಿಸಿ ಎಂದರೆ ಇಂಗ್ಲೆಂಡೇ. ಅದಕ್ಕೂ ಮೊದಲು 1889-90ರಲ್ಲಿ ವರ್ನನ್, 1892-93ರಲ್ಲಿ ಲಾರ್ಡ್ ಹಾಕ್ ತಂಡ ಕಟ್ಟಿಕೊಂಡು ಬಂದಿದ್ದರು. ಅವು ಬಹುಪಾಲು ಹವ್ಯಾಸಿಗಳ ಚಳಿಗಾಲದ ಮೋಜು. ಗಿಲಿಗನ್ ತಂಡದಲ್ಲಿ ಮಾರಿಸ್ ಟೇಟ್, ಜಾರ್ಜ್ ಗಿಯರಿ, ಆ್ಯಂಡಿ ಸ್ಯಾಂಡಮ್, ಬಾಬ್ ವ್ಯಾಟ್ ಇದ್ದರು, ಟೆಸ್ಟ್ ದರ್ಜೆಯ ಸರಕು. ಭಾರತ, ಬರ್ಮಾ, ಸಿಲೋನ್ ಸುತ್ತಿ 34 ಪಂದ್ಯ ಆಡಿ ಒಂದನ್ನೂ ಸೋಲದೆ ಮರಳಿದರು. ಗೆದ್ದದ್ದು 11, ಉಳಿದವು ಡ್ರಾ.

ಈ ಪ್ರವಾಸದಿಂದ ಎಲ್ಲರ ನಾಲಿಗೆಯ ಮೇಲೆ ಉಳಿದದ್ದು ಸಿ.ಕೆ. ನಾಯ್ಡು. ಡಿಸೆಂಬರ್ 1ರಂದು ಬಾಂಬೆ ಜಿಮ್ಖಾನಾ ಮೈದಾನದಲ್ಲಿ ಹಿಂದೂ ತಂಡಕ್ಕೆ ಆಡುತ್ತ ಎರಡು ಗಂಟೆಯೂ ತುಂಬುವ ಮುನ್ನ 153 ಬಾರಿಸಿದರು. 11 ಸಿಕ್ಸರ್, 13 ಬೌಂಡರಿ. ಎಂಸಿಸಿ ಅವರಿಗೆ ಬೆಳ್ಳಿಯ ಬ್ಯಾಟು ಕೊಟ್ಟು ಗೌರವಿಸಿತು. ಕ್ರಿಕೆಟ್ ಬರೆಯುವವರೆಲ್ಲ ಇಲ್ಲಿಗೆ ಬಂದು ನಿಲ್ಲುತ್ತಾರೆ.

ಜತ್ತದ ಹಿರಿಯರು ಮಾತ್ರ ನಿಲ್ಲಲಿಲ್ಲ. ‘ನಾಯ್ಡು ಹೊಡದದ್ದು ಹಿಂದೂ ಟೀಮಿಗೆ. ಇಡೀ ಇಂಡಿಯಾ ಟೀಮಿನ ಮ್ಯಾಚಿನ್ಯಾಗ ಹೊಡದವರು ಮಾಸ್ತರು’ ಎಂದು ಬೆರಳು ಮಡಚಿದರು. ಅವರ ಮಾತು ನಿಜ. ಅದೇ ತಿಂಗಳು, ಅದೇ ಮೈದಾನದಲ್ಲಿ, ಅಖಿಲ ಭಾರತ ತಂಡದ ಪರವಾಗಿ ದೇವಧರ 148 ರನ್ ಗಳಿಸಿದರು. ನಮ್ಮವರು ಮೊದಲ ಇನಿಂಗ್ಸಿನ ಮುನ್ನಡೆಯನ್ನೂ ಪಡೆದರು. ಪಂದ್ಯ ಡ್ರಾ ಆಯಿತು. ಜಾತಿ, ಧರ್ಮಗಳ ಹೆಸರಿನಲ್ಲೇ ತಂಡ ಕಟ್ಟುತ್ತಿದ್ದ ಮುಂಬೈಯಲ್ಲಿ ಎಲ್ಲರೂ ಒಂದೇ ಅಂಗಿ ತೊಟ್ಟು ವಿದೇಶಿ ತಂಡವನ್ನು ಹಿಂದಿಕ್ಕಿದ್ದು ಸಣ್ಣ ಸಂಗತಿಯಲ್ಲ. ನಾಯ್ಡು ಸಿಕ್ಸರ್‌ಗಳ ಗದ್ದಲದಲ್ಲಿ ಅದು ಮುಚ್ಚಿಹೋಯಿತು ಎಂಬುದು ಹಿರಿಯರ ದೂರು. ಪುಣೆಯಲ್ಲಿ ನೆಲೆಸಿದವರಿಗೆ ಮುಂಬೈ, ನಾಗಪುರ, ಇಂದೋರ್ ಎಲ್ಲದರ ಮೇಲೂ ಒಂದೊಂದು ದೂರು ಇದ್ದೇ ಇರುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ನನ್ನ ತಲೆ ಕೊರೆದದ್ದು ಬೇರೆಯೇ. ಸಂಸ್ಕೃತದ ಮಾಸ್ತರು! ಡಿಸೆಂಬರಿನಲ್ಲಿ ಕಾಲೇಜು ನಡೆಯುತ್ತಿರುವಾಗ ಅವರಿಗೆ ರಜೆ ಮಂಜೂರು ಮಾಡಿದ ಪುಣ್ಯಾತ್ಮ ಯಾರು? ‘ರಾಮಃ ರಾಮೌ ರಾಮಾಃ’ ಉರುಹೊಡೆಯಬೇಕಿದ್ದ ಹುಡುಗರು ಆ ದಿನ ಏನು ಮಾಡಿದರು? ಮುಂಬೈಯಿಂದ ಮರಳಿ ತರಗತಿಗೆ ಕಾಲಿಟ್ಟ ಮಾಸ್ತರರನ್ನು ಅವರು ಎದ್ದು ನಿಂತು ಚಪ್ಪಾಳೆ ತಟ್ಟಿ ಬರಮಾಡಿಕೊಂಡರೋ, ಅಥವಾ ಪುಣೆಯ ಶಿಸ್ತಿಗೆ ಹೆದರಿ ಸುಮ್ಮನೆ ಪುಸ್ತಕ ತೆರೆದರೋ? ಟೇಟ್ ಎಂಬ ದೈತ್ಯ ಸ್ವಿಂಗ್ ಬೌಲರ್‌ನನ್ನು ಎದುರಿಸಿದ ಕೈ ಮರುದಿನ ಕಪ್ಪು ಹಲಗೆಯ ಮೇಲೆ ಸಂಧಿ ಬಿಡಿಸುತ್ತಿತ್ತು ಎಂಬ ಕಲ್ಪನೆಯೇ ನನಗೆ ಖುಷಿ. ನಮ್ಮ ಕಡೆ ಸಂಸ್ಕೃತ ಮಾಸ್ತರು ಎಂದರೆ ಧೋತರ, ಕೋಟು, ಟೊಪ್ಪಿಗೆ, ನಶ್ಯದ ಡಬ್ಬಿ. ಆ ಚಿತ್ರಕ್ಕೆ ಪ್ಯಾಡು ಕಟ್ಟಿ ನೋಡಲು ನಾನು ಎಷ್ಟೋ ಹೊತ್ತು ಯತ್ನಿಸಿದೆ.

ಅವರ ಆಯುಷ್ಯವೂ ಆಟವೂ ನಂಬಲಾಗದಷ್ಟು ಉದ್ದ. ಹುಟ್ಟಿದ್ದು 1892ರಲ್ಲಿ, ಮೊದಲ ದರ್ಜೆಯ ಕ್ರಿಕೆಟ್ ಶುರು ಮಾಡಿದ್ದು 1911ರಲ್ಲಿ. ಎರಡನೇ ಮಹಾಯುದ್ಧ ಮುಗಿದ ಮೇಲೂ ಆಡುತ್ತಿದ್ದರು. 1932ರಲ್ಲಿ ಭಾರತದ ಮೊದಲ ಟೆಸ್ಟ್ ತಂಡ ಇಂಗ್ಲೆಂಡಿಗೆ ಹಡಗು ಹತ್ತಿದಾಗ 40ರ ದೇವಧರ ಅದರಲ್ಲಿ ಇರಲಿಲ್ಲ. ವಯಸ್ಸಾಯಿತು ಎಂದುಕೊಂಡಿದ್ದರೆ ಅದಕ್ಕಿಂತ ದೊಡ್ಡ ನಗೆಪಾಟಲು ಇನ್ನೊಂದಿಲ್ಲ: 1940-41ರಲ್ಲಿ, 50ರ ಹೊಸ್ತಿಲಲ್ಲಿ, ಪುಣೆಯಲ್ಲೇ ಬಾಂಬೆ ತಂಡದ ವಿರುದ್ಧ 246 ಹೊಡೆದರು. ಅವರ ನಾಯಕತ್ವದಲ್ಲಿ ಮಹಾರಾಷ್ಟ್ರ ಸತತ ಎರಡು ವರ್ಷ ರಣಜಿ ಟ್ರೋಫಿ ಗೆದ್ದಿತು. ಟೆಸ್ಟ್ ಮಾತ್ರ ಒಂದೂ ಆಡಲಿಲ್ಲ. 1993ರಲ್ಲಿ ತೀರಿಕೊಂಡಾಗ ಅವರಿಗೆ 101 ವರ್ಷ.

ಗಿಲಿಗನ್ ಪ್ರವಾಸದ ಫಲ ಏನು? ನಾಯ್ಡು ಆಟ ನೋಡಿ ಬೆರಗಾದ ಗಿಲಿಗನ್, ‘ನಿಮಗೊಂದು ಮಂಡಳಿ ಬೇಕು’ ಎಂದರು, ಹಾಗೆ ಬಿಸಿಸಿಐ ಹುಟ್ಟಿತು ಎಂದು ಕಥೆ ಹೇಳುವುದು ವಾಡಿಕೆ. ನನಗೆ ಇದು ಅರ್ಧ ಮಾತ್ರ ರುಚಿಸುತ್ತದೆ. ಗಿಲಿಗನ್ ಉತ್ತೇಜನ ಕೊಟ್ಟದ್ದು ನಿಜ. ಆದರೆ ಮಂಡಳಿಗಳು ಸಿಕ್ಸರಿನಿಂದ ಹುಟ್ಟುವುದಿಲ್ಲ. ದೆಹಲಿಯ ವ್ಯಾಪಾರಿ ಗ್ರಾಂಟ್ ಗೋವನ್, ಆಂತೊನಿ ಡಿಮೆಲೊ, ಪಟಿಯಾಲದ ಮಹಾರಾಜ ಇವರ ಓಡಾಟ, ಪತ್ರ ವ್ಯವಹಾರ, ದುಡ್ಡು ಎಲ್ಲ ಸೇರಿ 1928ರ ಡಿಸೆಂಬರಿನಲ್ಲಿ ಮಂಡಳಿ ಆಯಿತು. 1932ರ ಜೂನ್ 25ರಂದು ಭಾರತ ಲಾರ್ಡ್ಸ್‌ನಲ್ಲಿ ಮೊದಲ ಟೆಸ್ಟ್ ಆಡಿತು.

ಹಾಗಾದರೆ ಜಮಖಂಡಿಗೆ ಇದರಲ್ಲಿ ಪಾಲು ಎಷ್ಟು? ಹೆಮ್ಮೆ ಪಡುವ ಮೊದಲು ಸ್ವಲ್ಪ ತಡೆಯಬೇಕು. ದೇಣಿಗೆ ಕೊಟ್ಟವರು 148 ಹೊಡೆಯಲಿಲ್ಲ, ಹೊಡೆದವರು ಪುಣೆಯ ಮನುಷ್ಯ. ಸಂಸ್ಥಾನಿಕರು ಪುಣೆಗೆ ಹಣ ಕೊಟ್ಟದ್ದು ಆಟಕ್ಕಲ್ಲ, ಶಿಕ್ಷಣಕ್ಕೆ. ಆದರೂ ಒಂದು ಮಾತು ಖಚಿತ. ಕ್ರಿಕೆಟ್ ಎಂದರೆ ನಮಗೆ ಬೆಂಗಳೂರು ನೆನಪಾಗುತ್ತದೆ, ಪ್ರಸನ್ನ, ಚಂದ್ರಶೇಖರ್, ವಿಶ್ವನಾಥ್ ನೆನಪಾಗುತ್ತಾರೆ. ಕೃಷ್ಣೆ, ಘಟಪ್ರಭೆಯ ಈ ಸೀಮೆಗೆ ಆಟ ಹರಿದು ಬಂದ ದಾರಿ ಬೇರೆ. ಅದು ಪುಣೆ, ಸಾಂಗ್ಲಿ, ಮೀರಜದ ದಾರಿ, ಪಟವರ್ಧನರ ನೆಂಟಸ್ತಿಕೆಯ ದಾರಿ. ಮುಧೋಳದ ಘೋರ್ಪಡೆಯವರು ಈ ಸಾಲಿನಲ್ಲಿ ಬರುವುದಿಲ್ಲ. ಅವರು ಇಂಗ್ಲೆಂಡಿನ ದೊರೆಗೆ ಕಳಿಸಿದ್ದು ಬೇಟೆನಾಯಿ.

ಸಾಂಗ್ಲಿಯನ್ನೇ ನೋಡಿ. ರಬಕವಿ ಆಗ ಸಾಂಗ್ಲಿ ಸಂಸ್ಥಾನಕ್ಕೆ ಸೇರಿತ್ತು, ಹತ್ತು ಹೆಜ್ಜೆ ಆಚೆಯ ಬನಹಟ್ಟಿ ಜಮಖಂಡಿಗೆ. ಅಂದರೆ 1915ರಲ್ಲಿ ಸಾಂಗ್ಲಿಯಲ್ಲಿ ಹುಟ್ಟಿದ ವಿಜಯ ಹಜಾರೆ ಮತ್ತು ರಬಕವಿಯ ನೇಕಾರರು ಒಂದೇ ದೊರೆಯ ಪ್ರಜೆಗಳು. ದೇವಧರರ ಮಹಾರಾಷ್ಟ್ರ ತಂಡಕ್ಕೆ ಆಡುತ್ತ 1939-40ರಲ್ಲಿ ಬರೋಡಾ ವಿರುದ್ಧ ಔಟಾಗದೆ 316 ಹೊಡೆದ ಈ ಹಜಾರೆಯೇ ಮುಂದೆ ಭಾರತದ ನಾಯಕ. 1951-52ರಲ್ಲಿ ಇಂಗ್ಲೆಂಡ್ ತಂಡ ಪ್ರವಾಸಕ್ಕೆ ಬಂದಾಗ ಮದ್ರಾಸಿನಲ್ಲಿ ಭಾರತಕ್ಕೆ ಮೊಟ್ಟಮೊದಲ ಟೆಸ್ಟ್ ಗೆಲುವು ಸಿಕ್ಕಿತು. ವಿನೂ ಮಂಕಡ್ ಆ ಪಂದ್ಯದಲ್ಲಿ 12 ವಿಕೆಟ್ ಕಿತ್ತರು. ಆಟ ಶುರುವಾದ 1952ರ ಫೆಬ್ರವರಿ 6ರಂದೇ ದೊರೆ ಆರನೇ ಜಾರ್ಜ್ ತೀರಿಕೊಂಡ ಸುದ್ದಿ ಬಂದು, ಮರುದಿನ ಆಟ ನಿಂತಿತು. ನಾಲ್ಕು ತಿಂಗಳ ನಂತರ ಅದೇ ಹಜಾರೆ ತಂಡ ಕಟ್ಟಿಕೊಂಡು ಇಂಗ್ಲೆಂಡಿಗೆ ಹೋದರೆ, ಲೀಡ್ಸ್‌ನಲ್ಲಿ ಎರಡನೇ ಇನಿಂಗ್ಸ್ ಸೊನ್ನೆಗೆ ನಾಲ್ಕು ವಿಕೆಟ್! ಹೊಸ ಹುಡುಗ ಫ್ರೆಡ್ ಟ್ರೂಮನ್ ಹುಟ್ಟಿಸಿದ ಭಯ ಅದು. ಆ ಬೆಂಕಿಯಲ್ಲಿ ಹಜಾರೆ 56, ಫಡಕರ್ 64 ಗಳಿಸಿ ನಿಂತರು. ಗೆದ್ದ ಮದ್ರಾಸಿಗಿಂತ ಸೋತ ಲೀಡ್ಸ್‌ನಲ್ಲೇ ಹಜಾರೆ ದೊಡ್ಡವರಾಗಿ ಕಾಣುತ್ತಾರೆ, ನನ್ನ ಮಟ್ಟಿಗೆ.

ಇನ್ನೊಂದು ಹೆಸರು ಹೇಳದಿದ್ದರೆ ಧಾರವಾಡದವರು ನನ್ನನ್ನು ಬಿಡುವುದಿಲ್ಲ, ಬಿಡಲೂ ಬಾರದು. ಪಾಲವಣಕರ ಬಾಳು ಹುಟ್ಟಿದ್ದು ಧಾರವಾಡದಲ್ಲಿ, 1876ರಲ್ಲಿ. ಬೆಳೆದದ್ದು ಪುಣೆಯಲ್ಲಿ. ಚಮ್ಮಾರ ಕುಟುಂಬದ ಈ ಎಡಗೈ ಸ್ಪಿನ್ನರ್‌ನ ಚೆಂಡು ಪುಣೆಯ ಮೇಲ್ಜಾತಿಯವರಿಗೆ ಬೇಕಿತ್ತು, ಅವರ ಪಂಕ್ತಿಯಲ್ಲಿ ಬಾಳು ಬೇಡವಾಗಿದ್ದರು. ಚಹಾ ಕೂಡ ಹೊರಗೆ, ಬೇರೆ ಮಣ್ಣಿನ ಕುಡಿಕೆಯಲ್ಲಿ. ಪಟಿಯಾಲದ ಮಹಾರಾಜರ ನಾಯಕತ್ವದಲ್ಲಿ 1911ರಲ್ಲಿ ಅಖಿಲ ಭಾರತ ತಂಡ ಮೊದಲ ಬಾರಿ ಇಂಗ್ಲೆಂಡ್ ಪ್ರವಾಸ ಮಾಡಿದಾಗ, ಹೆಚ್ಚಿನ ಪಂದ್ಯಗಳನ್ನು ಸೋತ ಆ ತಂಡದಲ್ಲಿ ಬಾಳು ಒಬ್ಬರೇ 114 ವಿಕೆಟ್ ತೆಗೆದರು. ಬೆಂಗಳೂರಿನ ಬಿ. ಜಯರಾಂ ಕೂಡ ಆ ಹಡಗಿನಲ್ಲಿದ್ದರು. ಇಷ್ಟೆಲ್ಲ ಮಾಡಿದರೂ ಹಿಂದೂ ತಂಡ ಬಾಳು ಅವರನ್ನು ಎಂದೂ ನಾಯಕ ಮಾಡಲಿಲ್ಲ. ಆ ಪಟ್ಟ 1923ರಲ್ಲಿ ತಮ್ಮ ವಿಠ್ಠಲನಿಗೆ ಸಿಕ್ಕಿತು. 1937ರ ಮುಂಬೈ ಶಾಸನಸಭೆ ಚುನಾವಣೆಯಲ್ಲಿ ಕಾಂಗ್ರೆಸ್ ಇದೇ ಬಾಳು ಅವರನ್ನು ಅಂಬೇಡ್ಕರ್ ಎದುರು ನಿಲ್ಲಿಸಿತು. ಅಂಬೇಡ್ಕರ್ 13,245, ಬಾಳು 11,225. ಇಂಗ್ಲೆಂಡಿನಲ್ಲಿ ಗಳಿಸಿದ ಕೀರ್ತಿಯನ್ನು ಊರಿನ ರಾಜಕಾರಣ ಹೀಗೆ ಬಳಸಿಕೊಂಡಿತು.

ಜತ್ತದ ಹಿರಿಯರಿಗೆ ಬಾಳು ಧಾರವಾಡದಲ್ಲಿ ಹುಟ್ಟಿದ್ದು ಗೊತ್ತಿರಲಿಲ್ಲ. ‘ಹೌದೇನ್ರಿ? ಮತ್ತ ನಿಮ್ಮವರು ಯಾಕ ಸುಮ್ಮ ಕುಂತಾರ?’ ಎಂದು ನನ್ನನ್ನೇ ದಬಾಯಿಸಿದರು. ಅಷ್ಟರಲ್ಲಿ ಹುಡುಗ ರಸೀದಿ ಹಿಡಿದು ಬಂದ. ಅವನಿಗೆ ದೇವಧರ, ಬಾಳು, ಹಜಾರೆ ಯಾರೂ ಬೇಡ. ವಸತಿಗೃಹ ಎಲ್ಲಿ ಎಂಬುದೇ ಚಿಂತೆ. ನಮ್ಮ ಹಳೆಯ ವಿಜಾಪುರ ಜಿಲ್ಲೆಯಿಂದ ಇಂಗ್ಲೆಂಡಿಗೆ ಹೋದ ಆಟಗಾರರಲ್ಲಿ ಅವನಿಗೆ ಗೊತ್ತಿರುವುದು ರಾಜೇಶ್ವರಿ ಗಾಯಕವಾಡ ಒಬ್ಬರೇ. 2017ರ ವಿಶ್ವಕಪ್‌ನಲ್ಲಿ ಡರ್ಬಿಯಲ್ಲಿ ಮೊದಲ ಸಲ ಅವಕಾಶ ಸಿಕ್ಕ ದಿನವೇ ನ್ಯೂಜಿಲೆಂಡಿನ ಐವರನ್ನು 15 ರನ್ನಿಗೆ ಮಡಚಿದವರು. ಅವನ ಲೆಕ್ಕವೂ ತಪ್ಪಲ್ಲ.

ಹಿರಿಯರ ಪ್ರಶ್ನೆ ಮಾತ್ರ ನಮ್ಮೆಲ್ಲರಿಗೂ ಸೇರಿದ್ದು. ಜಮಖಂಡಿ, ರಬಕವಿ-ಬನಹಟ್ಟಿ, ಮುಧೋಳ, ಬೀಳಗಿ ಕಡೆಯ ಹಳೆಯ ಮನೆಗಳ ಅಟ್ಟದಲ್ಲಿ ಸಂಸ್ಥಾನ ಕಾಲದ ತಂಡದ ಫೋಟೊ, ಪಂದ್ಯದ ಕರಪತ್ರ, ಪುಣೆಯಲ್ಲಿ ಓದಿದ ಅಜ್ಜನ ಕಾಗದ ಏನಾದರೂ ಉಳಿದಿದ್ದರೆ ಈ ದೀಪಾವಳಿಯ ಸುಣ್ಣಬಣ್ಣದ ಹೊತ್ತಿಗೆ ಗುಜರಿಗೆ ಹಾಕಬೇಡಿ. ಹಿಂದೆ ಹೆಸರು ಬರೆದಿದೆಯೇ ನೋಡಿ, ಇಲ್ಲದಿದ್ದರೆ ಮನೆಯ ಹಿರಿಯರನ್ನು ಕೇಳಿ ಪೆನ್ಸಿಲಿನಲ್ಲಿ ಬರೆದಿಡಿ.